ಇರುವ ಶಕ್ತಿ, ಬೇಕೆನಿಸುವ ಶಕ್ತಿ

ವಸ್ತುವೊಂದು ಇಲ್ಲದಿರುವಾಗ ಹುಟ್ಟುವ ಆಸೆಗೂ, ಅದು ಮುಕ್ಕಾಲು ಪಾಲು ದೊರೆತ ಮೇಲೆ ಹುಟ್ಟುವ ಆಸೆಗೂ ಬಹಳ ಅಂತರವಿದೆ. ಮೊದಲನೆಯದು ದೂರದಿಂದ ನೋಡಿ ಸುಮ್ಮನಾಗಬಲ್ಲದು. ಎರಡನೆಯದು ಮನೆಯೊಳಗೇ ಕುಳಿತು ದಿನವೂ ಲೆಕ್ಕ ಕೇಳುತ್ತದೆ. ಅರಮನೆ ಇಲ್ಲವೆಂದು ಕೊರಗುವವರು ವಿರಳ. ನೆರೆಯವನ ಮನೆಗೆ ತನ್ನದಕ್ಕಿಂತ ಒಂದು ಅಂಕಣ ಹೆಚ್ಚಿದೆಯೆಂದು ಕೊರಗುವವರು ಊರಿಗೆ ಹತ್ತು ಮಂದಿ. ಆಸೆಯ ಈ ಎರಡನೆಯ ರೂಪವನ್ನು ಅರಿಯಬಯಸುವವರಿಗೆ ಜಪಾನಿನ ಒಂದು ಕ್ರೀಡಾ ಕಾರಿನ ಉದಾಹರಣೆ ಉಪಯುಕ್ತವಾದೀತು. ವೇಗದ ಕಾರಿಗೂ ನೀತಿವಿಚಾರಕ್ಕೂ ಏನು ಸಂಬಂಧವೆಂದು ಓದುಗರು ಶಂಕಿಸಬಹುದು. ಆದರೆ ಒಡೆತನವಿರುವಲ್ಲೆಲ್ಲ ಮಿತಿಯ ಪ್ರಶ್ನೆಯೂ ಇದ್ದೇ ಇರುತ್ತದೆ.

ಆ ಕಾರಿನ ಹೆಸರು ಟೊಯೋಟ ಸುಪ್ರಾ. ಅದರ ನಾಲ್ಕನೆಯ ತಲೆಮಾರು 1993ರಲ್ಲಿ ಹೊರಬಂದಿತು. ಅಮೆರಿಕದಲ್ಲಿ 1998ರವರೆಗೆ ಮಾರಾಟವಾಯಿತು, ಜಪಾನಿನಲ್ಲಿ 2002ರವರೆಗೆ ತಯಾರಾಯಿತು. ಹೊರಮೈ ಒಂದೇ ಆದರೂ ಅದರಲ್ಲಿ ಎರಡು ಬಗೆಯ ಎಂಜಿನುಗಳಿದ್ದವು. ಎರಡೂ ಒಂದೇ ಕುಲದವು. ಸಾಲಾಗಿ ನಿಂತ ಆರು ಸಿಲಿಂಡರುಗಳು, 2997 ಘನ ಸೆಂಟಿಮೀಟರ್ ಗಾತ್ರ, ಎರಕದ ಕಬ್ಬಿಣದ ಒಡಲು. ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ನಿನ ಓಟ ಎರಡೂ ಸಮಸಮವಾಗಿ 86 ಮಿಲಿಮೀಟರ್. ಒಂದಕ್ಕೆ ಎರಡು ಟರ್ಬೊಗಳನ್ನು ಜೋಡಿಸಿದ್ದರು. ಅಮೆರಿಕದ ಮಾದರಿಯಲ್ಲಿ ಅದರ ಬಲ 320 ಅಶ್ವಶಕ್ತಿ. ಇನ್ನೊಂದಕ್ಕೆ ಟರ್ಬೊ ಇರಲಿಲ್ಲ. ಅದರ ಬಲ 220 ಅಶ್ವಶಕ್ತಿ. ಒಡಹುಟ್ಟಿದವರಿಬ್ಬರಲ್ಲಿ ಒಬ್ಬನು ಪ್ರಸಿದ್ಧನಾದರೆ ಇನ್ನೊಬ್ಬನನ್ನು ಜನ ಅವನ ತಮ್ಮನೆಂದೇ ಗುರುತಿಸುವಂತೆ, ಎರಡನೆಯ ಕಾರು ತನ್ನಲ್ಲಿ ಇಲ್ಲದಿರುವುದರ ಹೆಸರಿನಿಂದಲೇ ಕರೆಸಿಕೊಂಡಿತು. ಅದು 'ಟರ್ಬೊ ಇಲ್ಲದ ಸುಪ್ರಾ' ಆಯಿತು.

ಟರ್ಬೊವಿನ ಕಾರ್ಯವಿಧಾನ ಸರಳ. ಎಂಜಿನ್ ಹೊರಬಿಡುವ ಬಿಸಿ ಹೊಗೆಯ ರಭಸವು ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಅಚ್ಚಿಗೆ ಸೇರಿದ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಪೆಟ್ರೋಲು ಉರಿಯಬಲ್ಲದು, ಬಲವೂ ಹೆಚ್ಚುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗಾದರೋ ವಾಯುಮಂಡಲದ ಸಹಜವಾದ ಒತ್ತಡವೇ ಆಧಾರ. ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ತಾನಾಗಿ ಒಳಬರುವುದೋ ಅಷ್ಟೇ ಅದರ ಪಾಲು. ನಿಮಿಷಕ್ಕೆ 6000 ಸುತ್ತು ತಿರುಗುವಾಗ ಮೂರು ಲೀಟರಿನ ಇಂಥ ಎಂಜಿನ್ ಲೆಕ್ಕದ ಪ್ರಕಾರ ಸೆಕೆಂಡಿಗೆ 150 ಲೀಟರ್ ಗಾಳಿಯನ್ನು ಸೇದಿಕೊಳ್ಳುತ್ತದೆ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗಿ, ಸಾವಿರ ಮೀಟರ್ ಎತ್ತರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಬಲ ಕುಗ್ಗುತ್ತದೆ. ತಂತ್ರಜ್ಞರು ಇದನ್ನು ಸಹಜವಾಗಿ ಉಸಿರಾಡುವ ಎಂಜಿನ್ ಎನ್ನುವರು. ನಿಸರ್ಗ ಕೊಟ್ಟಷ್ಟನ್ನು ಪಡೆದು, ಅದರಲ್ಲೇ ತನ್ನ ಕೆಲಸ ಮಾಡುವ ಯಂತ್ರವಿದು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರಕ್ಕೆ ಹೊಂದಿಕೊಂಡಿರುವ ಪಸಡೀನಾದ ಬಳಿ, ಒಬ್ಬ ಶಾಲಾ ಶಿಕ್ಷಕನಲ್ಲಿ 1994ರ ಇಂಥದೊಂದು ಕಾರು ಇದೆ. ಆತ ಅದನ್ನು ಹಳೆಯ ಕಾರಾಗಿಯೇ ಕೊಂಡನು. ಟರ್ಬೊ ಮಾದರಿಯ ಬೆಲೆ ಆತನ ಸಂಬಳಕ್ಕೆ ನಿಲುಕುವಂತಿರಲಿಲ್ಲ. ಮೊದಲ ಕೆಲವು ತಿಂಗಳು ಆತನಿಗೆ ಕಾರಿನಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಟರ್ಬೊ ಮಾದರಿಗಿಂತ ಸುಮಾರು ನೂರು ಕಿಲೋ ಹಗುರವಾದ ಆ ಕಾರು ನಗರದ ಉತ್ತರಕ್ಕಿರುವ ಬೆಟ್ಟದ ತಿರುವುಗಳಲ್ಲಿ ಹೇಳಿದಂತೆ ಕೇಳುತ್ತಿತ್ತು. ಪೆಡಲನ್ನು ಒತ್ತಿದಷ್ಟಕ್ಕೆ ಸರಿಯಾಗಿ, ತಡವಿಲ್ಲದೆ, ಎಂಜಿನ್ ಓಗೊಡುತ್ತಿತ್ತು.

ಕೊರತೆ ಕಾಣಿಸಿಕೊಂಡದ್ದು ಇತರರ ಮಾತಿನಿಂದ. ಪೆಟ್ರೋಲ್ ಬಂಕಿನಲ್ಲಿ, ಅಂಗಡಿಯ ಮುಂದೆ, ಶಾಲೆಯ ಅಂಗಳದಲ್ಲಿ, ಕಾರನ್ನು ಕಂಡು ಹತ್ತಿರ ಬಂದವರ ಪ್ರಶ್ನೆ ಒಂದೇ: "ಟರ್ಬೊ ತಾನೇ?" ಆತ ಇಲ್ಲವೆಂದಾಗ ಅವರ ಮುಖದಲ್ಲಿ ಮೂಡಿದ್ದ ಉತ್ಸಾಹ ಇಳಿದುಹೋಗುತ್ತಿತ್ತು. 2001ರಲ್ಲಿ ತೆರೆಕಂಡ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಚಲನಚಿತ್ರದಲ್ಲಿ ಕಿತ್ತಳೆ ಬಣ್ಣದ ಸುಪ್ರಾ ಮೆರೆದ ಬಳಿಕ ಆ ಕಾರಿನ ಹೆಸರಿಗೆ ಟರ್ಬೊ ಎಂಬ ಅರ್ಥವೇ ಅಂಟಿಕೊಂಡಿತ್ತು. ಆ ಚಿತ್ರದಲ್ಲಿ ಬಳಸಿದ ಒಂದು ಕಾರು 2021ರಲ್ಲಿ ಲಾಸ್ ವೇಗಸ್ಸಿನ ಹರಾಜಿನಲ್ಲಿ 5,50,000 ಡಾಲರಿಗೆ ಮಾರಾಟವಾಯಿತೆಂದರೆ ಆ ಮೋಹದ ಪ್ರಮಾಣ ತಿಳಿಯಬಹುದು. ಒಂದು ದಿನ ಆತನ ಬಾಯಿಂದ ಬೇರೊಂದು ಉತ್ತರ ಹೊರಟಿತು: "ಇನ್ನೂ ಇಲ್ಲ." 'ಇಲ್ಲ' ಎಂಬುದು ಇದ್ದ ಸಂಗತಿಯನ್ನು ಹೇಳುವ ಮಾತು. 'ಇನ್ನೂ ಇಲ್ಲ' ಎಂಬುದು ಆ ಸಂಗತಿಗಾಗಿ ಕ್ಷಮೆ ಕೇಳುವ ಮಾತು. ಆಸೆ ಎಷ್ಟೋ ಸಲ ಇಂಥ ಸಣ್ಣ ಪದವೊಂದರ ಬೆನ್ನೇರಿ ಮನೆಯೊಳಗೆ ಬರುತ್ತದೆ.

ಮೊದಲು ಆತ ಸುಲಭವಾದ ಮಾರ್ಪಾಡುಗಳನ್ನು ಮಾಡಿಸಿದನು. ಗಾಳಿ ಒಳಸೇರುವ ಕೊಳವೆಯನ್ನೂ ಶೋಧಕವನ್ನೂ ಬದಲಿಸಿದನು; ಹೊಗೆ ಹೊರಹೋಗುವ ಕೊಳವೆಗೆ ಅಗಲವಾದ ಸೈಲೆನ್ಸರ್ ಹಾಕಿಸಿದನು. ಟರ್ಬೊ ಇಲ್ಲದ ಎಂಜಿನ್ನಿಗೆ ಇವುಗಳಿಂದ ದೊರೆಯುವ ಬಲ ಅತ್ಯಲ್ಪ. ಸಹಜ ಒತ್ತಡದ ಗಾಳಿಯಿಂದ ಪಡೆಯಬಹುದಾದದ್ದರಲ್ಲಿ ಬಹುಪಾಲನ್ನು ಕಾರ್ಖಾನೆಯ ಎಂಜಿನಿಯರುಗಳೇ ಮೊದಲು ಪಡೆದಿರುತ್ತಾರೆ. ಹೊರಗಿನವನಿಗೆ ಉಳಿಯುವುದು ತೆನೆ ಕೊಯ್ದ ಗದ್ದೆಯಲ್ಲಿ ಹಕ್ಕಲು ಆಯುವ ಕೆಲಸ. ಖಂಡಿತವಾಗಿ ಹೆಚ್ಚಿದ್ದು ಶಬ್ದ. ಶಬ್ದ ಹೆಚ್ಚಿದಾಗ ವೇಗವೂ ಹೆಚ್ಚಿತೆಂದು ಕಿವಿ ಮನಸ್ಸನ್ನು ನಂಬಿಸುತ್ತದೆ. ಆತನ ಪಕ್ಕದ ಮನೆಯಲ್ಲಿ ರಾತ್ರಿಪಾಳಿಯ ದಾದಿಯೊಬ್ಬಳು ವಾಸವಿದ್ದಳು. ಆತ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತೂ ಆಕೆ ಬಂದು ಮಲಗುವ ಹೊತ್ತೂ ಒಂದೇ. ಆಕೆ ದೂರಲಿಲ್ಲ, ತನ್ನ ಮಲಗುವ ಕೋಣೆಯನ್ನು ಮನೆಯ ಹಿಂಭಾಗಕ್ಕೆ ಬದಲಿಸಿಕೊಂಡಳು. ಆ ಸಂಗತಿ ಆತನಿಗೆ ತಿಳಿದದ್ದು ತಿಂಗಳುಗಳ ಮೇಲೆ, ಬೇರೆಯವರ ಬಾಯಿಂದ. ಅದೇ ವಾರ ಹಳೆಯ ಸೈಲೆನ್ಸರ್ ಮತ್ತೆ ತನ್ನ ಸ್ಥಾನಕ್ಕೆ ಬಂದಿತು. ಒಬ್ಬನ ವಿನೋದಕ್ಕೆ ಇನ್ನೊಬ್ಬರು ಮಾತಿಲ್ಲದೆ ಬೆಲೆ ತೆರುತ್ತಿರುವಾಗ, ಅವರ ಮೌನವನ್ನು ಸಮ್ಮತಿಯೆಂದು ತಿಳಿಯುವುದು ಅನ್ಯಾಯ.

ಮುಂದಿನ ಪ್ರಲೋಭನೆ ಇದಕ್ಕಿಂತ ಗಂಭೀರವಾದುದು. ಪೆಟ್ರೋಲ್ ಕಾರಿನ ಹೊಗೆ ಕೊಳವೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವಿರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಮುಂತಾದ ಅಮೂಲ್ಯ ಲೋಹಗಳ ತೆಳುವಾದ ಲೇಪನ ಅದರೊಳಗಿದೆ. ಕಾರ್ಬನ್ ಮಾನಾಕ್ಸೈಡ್, ಉರಿಯದೆ ಉಳಿದ ಹೈಡ್ರೋಕಾರ್ಬನ್, ಸಾರಜನಕದ ಆಕ್ಸೈಡುಗಳು ಎಂಬ ಮೂರು ಬಗೆಯ ಹಾನಿಕರ ಅನಿಲಗಳನ್ನು ಅದು ಬಹುಮಟ್ಟಿಗೆ ನಿರುಪದ್ರವಗೊಳಿಸುತ್ತದೆ. ಅದನ್ನು ಕಳಚಿ ನೇರವಾದ ಕೊಳವೆ ಹಾಕಿದರೆ ಒಂದಷ್ಟು ಬಲ ಹೆಚ್ಚುವುದೆಂದೂ, ತಪಾಸಣೆಯ ದಿನ ಮಾತ್ರ ಮತ್ತೆ ಜೋಡಿಸಿದರೆ ಸಾಕೆಂದೂ ಗೆಳೆಯರು ಸಲಹೆಯಿತ್ತರು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಹಳೆಯ ಕಾರುಗಳನ್ನು ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಒಪ್ಪಿಸಬೇಕು. ಕೊಳವೆಯ ಹೊಗೆಯನ್ನು ಅಳೆಯುವುದರ ಜೊತೆಗೆ ಬಾನೆಟ್ ಎತ್ತಿ ಕಣ್ಣಿನಿಂದಲೂ ನೋಡುತ್ತಾರೆ. ಎಂಜಿನ್ನಿನ ಹೊಗೆಯ ಮೇಲೆ ಪರಿಣಾಮ ಬೀರುವ ಯಾವ ಹೊಸ ಭಾಗಕ್ಕೂ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಅನುಮತಿ ಸಂಖ್ಯೆ ಇರಬೇಕು.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಲಾಸ್ ಏಂಜಲೀಸ್ ಸುತ್ತಲೂ ಬೆಟ್ಟಗಳಿರುವ ಬೋಗುಣಿಯಂಥ ನೆಲ. 1950ರ ದಶಕದ ಆರಂಭದಲ್ಲಿ ಅದೇ ಪಸಡೀನಾದ ತಂತ್ರಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಏರಿ ಹಾಗನ್-ಸ್ಮಿಟ್ ಅವರು, ಕಣ್ಣುರಿಸುವ ಆ ಮಬ್ಬು ವಾಹನಗಳ ಮತ್ತು ಕಾರ್ಖಾನೆಗಳ ಅನಿಲಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸಿ ಹುಟ್ಟುವುದೆಂದು ತೋರಿಸಿದರು. 1968ರಲ್ಲಿ ಅವರೇ ಆ ಮಂಡಳಿಯ ಪ್ರಥಮ ಅಧ್ಯಕ್ಷರಾದರು. ಶಿಕ್ಷಕನ ಶಾಲೆಯ ಮಕ್ಕಳು ಆಡುವುದು ಆ ಬೋಗುಣಿಯ ಗಾಳಿಯಲ್ಲಿಯೇ. ದಾದಿಯ ವಿಷಯದಲ್ಲಿ ನೊಂದವಳು ಯಾರೆಂದು ಕೊನೆಗಾದರೂ ತಿಳಿಯಿತು. ಗಾಳಿಯ ವಿಷಯದಲ್ಲಿ ನೋಯುವವನಿಗೆ ಹೆಸರಿಲ್ಲ; ನೋಯಿಸಿದವನೂ ಲಕ್ಷಾಂತರ ವಾಹನಗಳ ನಡುವೆ ಅಡಗಬಲ್ಲನು. ಯಾರಿಗೂ ಗೊತ್ತಾಗದ ಹಿಂಸೆಯಿಂದ ದೂರವಿರುವುದು ತಪಾಸಣೆಯ ಭಯದಿಂದ ಸಾಧ್ಯವಾಗುವುದಿಲ್ಲ; ತಪಾಸಣೆಯ ದಿನಗಳ ನಡುವೆ ಎರಡು ವರ್ಷಗಳ ಅಂತರವಿದೆ. ಆತ ಆ ಸಲಹೆಯನ್ನು ಒಪ್ಪಲಿಲ್ಲ.

ಆದರೂ ಟರ್ಬೊವಿನ ಆಸೆ ಹೋಗಲಿಲ್ಲ. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಜೋಡಿಸುವುದು ಈ ಕಾರಿನ ಒಡೆಯರಲ್ಲಿ ಬಹಳ ಪ್ರಚಲಿತವಾದ ಮಾರ್ಪಾಡು. ಒಂದು ರಜೆಯಲ್ಲಿ ಆತ ಕಾಗದ ಪೆನ್ನು ಹಿಡಿದು ಆ ಕೆಲಸದ ಪಟ್ಟಿ ಬರೆಯಲು ಕುಳಿತನು. ಆ ಪಟ್ಟಿ ಬೆಳೆದ ರೀತಿಯೇ ಒಂದು ಪಾಠ. ಟರ್ಬೊ ಇಲ್ಲದ ಎಂಜಿನ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹತ್ತರಲ್ಲಿ ಒಂದರಷ್ಟು ಗಾತ್ರಕ್ಕೆ ಒತ್ತುತ್ತದೆ. ಟರ್ಬೊ ಎಂಜಿನ್ ಎಂಟೂವರೆಯಲ್ಲಿ ಒಂದರಷ್ಟಕ್ಕೆ ಮಾತ್ರ. ಮೊದಲೇ ಬಿಗಿಯಾಗಿ ಒತ್ತುವ ಎಂಜಿನ್ನಿಗೆ ಒತ್ತಿದ ಗಾಳಿಯನ್ನೇ ತುಂಬಿದರೆ ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್ನುಗಳನ್ನು ಹಾಳುಮಾಡೀತು. ಆದ್ದರಿಂದ ಪೆಟ್ರೋಲ್ ಹೆಚ್ಚು ಸುರಿಯುವ ಇಂಜೆಕ್ಟರುಗಳು ಬೇಕು. ಅವಕ್ಕೆ ತಕ್ಕ ಪಂಪು ಬೇಕು. ಕಿಡಿಯ ಕಾಲವನ್ನು ಹೊಸದಾಗಿ ನಿರ್ಣಯಿಸುವ ಗಣಕ ಬೇಕು. ಗಾಳಿಯನ್ನು ತಣಿಸುವ ಸಾಧನ ಬೇಕು. ಬಲ ಹೆಚ್ಚಿದರೆ ಕ್ಲಚ್ ಜಾರುತ್ತದೆ. ಕ್ಲಚ್ ಗಟ್ಟಿಯಾದರೆ ಐದು ಗೇರಿನ ಪೆಟ್ಟಿಗೆಗೆ ಭಾರವಾಗುತ್ತದೆ. ಕಾರ್ಖಾನೆಯವರು ಟರ್ಬೊ ಮಾದರಿಗೆ ಆರು ಗೇರಿನ ಬೇರೆಯೇ ಪೆಟ್ಟಿಗೆ ಕೊಟ್ಟಿದ್ದುದು ಸುಮ್ಮನಲ್ಲ. ವೇಗ ಹೆಚ್ಚಿದರೆ ನಿಲ್ಲಿಸುವ ಶಕ್ತಿಯೂ ಹೆಚ್ಚಬೇಕು; ಈ ಮಾದರಿಯ ಬ್ರೇಕುಗಳು ಟರ್ಬೊ ಮಾದರಿಯವಕ್ಕಿಂತ ಚಿಕ್ಕವು. ಒಂದು ಬೇಕು ತನ್ನ ಹಿಂದೆ ಹತ್ತು ಬೇಕುಗಳನ್ನು ಕೈಹಿಡಿದು ಕರೆತಂದಿತು. ಇಷ್ಟಾದ ಮೇಲೂ ಹೊಗೆ ತಪಾಸಣೆಯ ಪ್ರಶ್ನೆ ಹಾಗೆಯೇ ಉಳಿದಿತ್ತು.

ಪಟ್ಟಿಯ ಕೆಳಗೆ ಕೂಡಿಸಿದ ಮೊತ್ತ ಆ ಕಾರಿಗೆ ಕೊಟ್ಟ ಬೆಲೆಯನ್ನು ಮೀರಿತ್ತು. ಅಷ್ಟು ಹಣ ಆ ಮನೆಯಲ್ಲಿ ಒಂದೇ ಕಡೆ ಇತ್ತು: ಮಗಳ ಕಾಲೇಜಿಗೆಂದು ವರ್ಷಗಳಿಂದ ಕೂಡಿಟ್ಟ ಖಾತೆಯಲ್ಲಿ. ಮುಂದಿನ ಬೇಸಿಗೆಯೊಳಗೆ ಮರಳಿ ತುಂಬಬಹುದೆಂದು ಆತ ಮನಸ್ಸಿನಲ್ಲೇ ಲೆಕ್ಕ ಹಾಕಿದನು. ಪಟ್ಟಿಯನ್ನು ನೋಡಿದ ಹೆಂಡತಿ ಬೇಡವೆನ್ನಲಿಲ್ಲ. ಇದೆಲ್ಲ ಆದ ಮೇಲೆ ಕಾರನ್ನು ಯಾವ ರಸ್ತೆಯಲ್ಲಿ ಓಡಿಸುವುದೆಂದು ಮಾತ್ರ ಕೇಳಿದಳು. ಆತ ಪ್ರಾಮಾಣಿಕವಾಗಿ ಯೋಚಿಸಿದನು. ಶಾಲೆಗೆ ಹೋಗುವ ದಾರಿ, ವಾರಕ್ಕೊಮ್ಮೆ ಬೆಟ್ಟದ ದಾರಿ; ಅವೇ ರಸ್ತೆಗಳು. ಈಗಿರುವ 220 ಅಶ್ವಶಕ್ತಿಯನ್ನೇ ಪೂರ್ತಿಯಾಗಿ ಬಳಸಲು ಆ ರಸ್ತೆಗಳಲ್ಲಿ ಅವಕಾಶವಿರಲಿಲ್ಲ. ಹೊಸ ಬಲ ಬೇಕಾಗಿದ್ದುದು ಪೆಟ್ರೋಲ್ ಬಂಕಿನಲ್ಲಿ, ಕಾರು ನಿಂತಿರುವಾಗ.

ಬಳಸಲಿಕ್ಕೆ ಬೇಕಾದದ್ದು ಯಾವುದು, ಹೇಳಿಕೊಳ್ಳಲಿಕ್ಕೆ ಬೇಕಾದದ್ದು ಯಾವುದು ಎಂಬ ಈ ವಿವೇಚನೆ ಕಾರಿಗಷ್ಟೇ ಸೀಮಿತವಲ್ಲ. ಮದುವೆಯ ಮಂಟಪಕ್ಕೂ, ಮನೆಯ ಮಹಡಿಗೂ, ಕೊಟ್ಟ ದಾನದ ಫಲಕಕ್ಕೂ ಇದು ಅನ್ವಯಿಸುತ್ತದೆ. ಪರಿಗ್ರಹಕ್ಕೆ ಪರಿಮಾಣ ಗೊತ್ತುಮಾಡಿಕೊಳ್ಳಬೇಕೆಂಬ ಮಾತನ್ನು ಮನೆಯಲ್ಲಿ ಕೇಳಿ ಬೆಳೆದ ಓದುಗರಿಗೆ ಈ ವಿವೇಚನೆ ಹೊಸತೇನಲ್ಲ. ಆದರೆ ಪರಿಮಾಣವೆಂಬುದು ಬರಿಯ ಸಂಖ್ಯೆಯಾದರೆ ಏನಾಗುವುದೆಂಬುದಕ್ಕೆ ಜಪಾನಿನ ಕಾರು ತಯಾರಕರ ಇತಿಹಾಸದಲ್ಲಿಯೇ ನಿದರ್ಶನವಿದೆ.

1980ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ರಸ್ತೆ ಅಪಘಾತದ ಸಾವುಗಳು ಮತ್ತೆ ಏರುತ್ತಿದ್ದವು. ಕಾರುಗಳ ಬಲಕ್ಕೆ ಮಿತಿ ಬೇಕೆಂಬ ಒತ್ತಾಯ ಬಂದಾಗ, 1989ರಿಂದ ತಯಾರಕರು ತಮ್ಮೊಳಗೆ ಒಂದು ಒಪ್ಪಂದವನ್ನು ಪಾಲಿಸತೊಡಗಿದರು. ಆ ದೇಶದಲ್ಲಿ ಮಾರುವ ಯಾವ ಕಾರಿಗೂ ಅಲ್ಲಿನ ಅಳತೆಯ 280 ಅಶ್ವಶಕ್ತಿಗಿಂತ ಹೆಚ್ಚಿನ ಬಲವನ್ನು ಘೋಷಿಸಕೂಡದು. ಟರ್ಬೊ ಸುಪ್ರಾದ ಜಪಾನೀ ಮಾದರಿಗೂ 280 ಎಂದೇ ಬರೆಯಲಾಯಿತು. ಹದಿನೈದು ವರ್ಷ ಆ ಸಂಖ್ಯೆಯನ್ನು ಯಾರೂ ಬಹಿರಂಗವಾಗಿ ದಾಟಲಿಲ್ಲ. 2004ರಲ್ಲಿ ಅದು ಕೊನೆಗೊಂಡಿತು. ಆದರೆ ಕೆಲವು ಕಾರುಗಳ ನಿಜವಾದ ಬಲ ಕಾಗದದ ಸಂಖ್ಯೆಯನ್ನು ಮೀರಿದೆಯೆಂಬುದು ಯಂತ್ರದ ಮೇಲಿಟ್ಟು ಅಳೆದವರಿಗೆ ತಿಳಿದಿತ್ತು. ಪೈಪೋಟಿ ನಿಲ್ಲಲಿಲ್ಲ, ಸಂಖ್ಯೆ ಮಾತ್ರ ನಿಂತಿತು. ಮಿತಿಯನ್ನು ಘೋಷಣೆಯಲ್ಲಿಟ್ಟು ಆಸೆಯನ್ನು ಒಳಗೇ ಬೆಳೆಯಬಿಟ್ಟರೆ ಮಿತಿಯ ಜೊತೆಗೆ ಸತ್ಯವೂ ಸಡಿಲವಾಗುತ್ತದೆ.

ಶಿಕ್ಷಕ ಆ ಪಟ್ಟಿಯನ್ನು ಹರಿಯಲಿಲ್ಲ. ಅದರ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಬರೆದನು. ಕಾರಿನ ಕೆಳಗಿನ ರಬ್ಬರ್ ಬುಷ್ಷುಗಳು ಕಾಲವಾಗಿ ಬಿರಿದಿದ್ದವು. ಅವನ್ನು ಒಂದೊಂದಾಗಿ ತನ್ನ ಕೈಯಿಂದಲೇ ಬದಲಿಸಲು ಎರಡು ಚಳಿಗಾಲ ಹಿಡಿಯಿತು. ಎಂಜಿನ್ನಿನ ಬೆಲ್ಟು, ನೀರಿನ ಪಂಪು, ಬ್ರೇಕಿನ ಕೊಳವೆಗಳು ಹೊಸದಾದವು. ಒಳ್ಳೆಯ ಟೈರು ಬಂದಿತು. ಇವೂ ಮಾರ್ಪಾಡುಗಳೇ, ಆದರೆ ಬಾನೆಟ್ ಎತ್ತಿದವರಿಗೆ ಒಂದೂ ಕಾಣುವುದಿಲ್ಲ. ಬೆಟ್ಟದ ತಿರುವಿನಲ್ಲಿ ಮಾತ್ರ, ಕೈಗೆ ಮತ್ತು ಬೆನ್ನಿಗೆ, ಕಾರು ಮೊದಲಿಗಿಂತ ಸ್ಪಷ್ಟವಾಗಿ ಮಾತನಾಡತೊಡಗಿತು. ವಸ್ತುವನ್ನು ಇನ್ನೊಂದರಂತೆ ಮಾಡಹೊರಡುವ ಬದಲಾವಣೆಗೂ, ಅದು ತಾನಾಗಿ ಚೆನ್ನಾಗಿ ಬಾಳಲು ನೆರವಾಗುವ ಬದಲಾವಣೆಗೂ ಇರುವ ಅಂತರ ಆತನಿಗೆ ಆ ಎರಡು ಚಳಿಗಾಲಗಳಲ್ಲಿ ತಿಳಿಯಿತು. ಬಂಕಿನ ಪ್ರಶ್ನೆಗೆ ಆತನ ಉತ್ತರ ಈಗ ಮತ್ತೆ 'ಇಲ್ಲ' ಎಂದಷ್ಟೇ.

ಇಲ್ಲಿಗೆ ಕಥೆ ಮುಗಿಯಿತೆಂದರೆ ಅದು ಅರ್ಧಸತ್ಯವಾದೀತು. ಸಂಯಮಕ್ಕೂ ತನ್ನದೇ ಆದ ಅಹಂಕಾರವಿದೆ. ಟರ್ಬೊ ಹಾಕಿಸಿಕೊಂಡವರನ್ನು ಕಂಡು ಆತ ಮನಸ್ಸಿನಲ್ಲಿ ನಗತೊಡಗಿದನು; ತನ್ನದೇ ಶುದ್ಧವಾದ ಕಾರೆಂದು ಮಾತಿನ ನಡುವೆ ಸೂಚಿಸತೊಡಗಿದನು. ಆತನ ಗೆಳೆಯನೊಬ್ಬ ಇಂಥದೇ ಕಾರಿಗೆ ಟರ್ಬೊ ಜೋಡಿಸಿದ್ದನು. ಆದರೆ ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುತ್ತಿರಲಿಲ್ಲ. ಸ್ಪರ್ಧೆಗೆಂದೇ ಕಟ್ಟಿದ ಓಟದ ಅಂಗಳಕ್ಕೆ ಲಾರಿಯ ಮೇಲೆ ಒಯ್ಯುತ್ತಿದ್ದನು. ತನ್ನ ಸ್ವಂತ ದುಡಿಮೆಯ ಹಣದಿಂದ ನಾಲ್ಕು ವರ್ಷ ತಾಳ್ಮೆಯಿಂದ ಮಾಡಿದ ಕೆಲಸವದು. ಕೊನೆಗೆ ಮಾರುವಾಗ, ಇದು ಕಾರ್ಖಾನೆಯ ಟರ್ಬೊ ಅಲ್ಲವೆಂದೂ, ಒಮ್ಮೆ ಪಿಸ್ಟನ್ ಒಡೆದಿತ್ತೆಂದೂ ಬರಹದಲ್ಲಿ ತಿಳಿಸಿ, ಬರಬಹುದಾಗಿದ್ದ ಬೆಲೆಗಿಂತ ಕಡಿಮೆಗೆ ಕೊಟ್ಟನು. ಟರ್ಬೊ ಸುಪ್ರಾಗಳ ಬೆಲೆ ಏರಿದ ಕಾಲದಲ್ಲಿ ಹಾಗೆ ನುಡಿಯುವುದು ಸಾಮಾನ್ಯವಲ್ಲ. ಅದನ್ನು ಕೇಳಿದ ದಿನ ಶಿಕ್ಷಕನ ಒಳನಗು ನಿಂತಿತು. ಟರ್ಬೊ ಇರುವುದರಿಂದ ಒಬ್ಬನು ಲೋಭಿಯಾಗುವುದಿಲ್ಲ, ಇಲ್ಲದಿರುವುದರಿಂದ ಇನ್ನೊಬ್ಬನು ಸಂಯಮಿಯಾಗುವುದೂ ಇಲ್ಲ ಎಂಬುದನ್ನು ಆ ಮಾರಾಟದ ಕಾಗದ ಸ್ಪಷ್ಟವಾಗಿ ಹೇಳಿತು. ಅಂದಿನಿಂದ ಆತನೂ ತನ್ನ ಕಾರಿಗೆ ಒಂದು ಪುಸ್ತಕವಿಟ್ಟಿದ್ದಾನೆ. ಏನು ಬದಲಾಯಿತು, ಯಾವಾಗ, ಏಕೆ ಎಂಬುದೆಲ್ಲ ಅದರಲ್ಲಿದೆ. ಕಳಚಿದ ಮೂಲ ಭಾಗಗಳನ್ನು ಮುಂದಿನ ಒಡೆಯನಿಗಾಗಿ ಅಟ್ಟದಲ್ಲಿ ಕಾದಿರಿಸಿದ್ದಾನೆ.

ಮುಂದಿನ ಒಡೆಯನೊಬ್ಬ ಇರುವನೆಂಬ ಅರಿವೇ ಒಡೆತನದ ಬಿಗಿಯನ್ನು ಸಡಿಲಿಸುವಂಥದು. ಮೂವತ್ತು ವರ್ಷ ದಾಟಿದ ಯಂತ್ರ ಈಗಾಗಲೇ ಹಲವರ ಕೈ ಕಂಡಿರುತ್ತದೆ. ಇನ್ನೂ ಕೆಲವರ ಕೈಗೆ ಹೋಗಲಿದೆ. 2019ರಲ್ಲಿ ಸುಪ್ರಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದ ಎಂಜಿನುಗಳೆಲ್ಲ ಬಿ.ಎಂ.ಡಬ್ಲ್ಯು. ಸಂಸ್ಥೆಯವು, ಎಲ್ಲವೂ ಟರ್ಬೊ ಉಳ್ಳವು. ಸಹಜವಾಗಿ ಉಸಿರಾಡುವ ಸುಪ್ರಾ ಇನ್ನು ಹಳೆಯ ಕಾರುಗಳಲ್ಲಿ ಮಾತ್ರ ಉಳಿದಿದೆ. ಅಂಥ ಒಂದನ್ನು ಹೊಂದಿರುವುದೂ ಒಂದು ಭೋಗವೇ. ಶಾಲೆಗೆ ಹೋಗಲು ಅದಕ್ಕಿಂತ ಸಾಧಾರಣವಾದ ವಾಹನ ಸಾಕು. ಆತ ಇದನ್ನು ಬಲ್ಲನು, ಅಲ್ಲಗಳೆಯುವುದಿಲ್ಲ. ಭೋಗಕ್ಕೆ ಎಲ್ಲಿ ಗೆರೆ ಎಳೆಯಬೇಕೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಕೈಯಿಂದಲೇ ಎಳೆಯಬೇಕಾಗಿದೆ. ಎಳೆದ ಗೆರೆ ನೆರೆಯವರ ನಿದ್ರೆಯನ್ನೂ, ಊರಿನ ಗಾಳಿಯನ್ನೂ, ಮಕ್ಕಳ ಪಾಲನ್ನೂ, ಕೊಳ್ಳುವವನ ನಂಬಿಕೆಯನ್ನೂ ಕಾಪಾಡುವಂತಿದ್ದರೆ ಅದು ಸರಿಯಾದ ಸ್ಥಳದಲ್ಲಿದೆಯೆಂದು ತಿಳಿಯಬಹುದು. ಗೆರೆಯ ಒಳಗಿರುವುದು 220 ಆಗಿರಲಿ 320 ಆಗಿರಲಿ, ಅದನ್ನು ಇದ್ದದ್ದು ಇದ್ದಂತೆ ಹೇಳಲು ಬಾಯಿ ಹಿಂಜರಿಯಬಾರದು.